ರಕ್ತದ ಗುಂಪಿನ ಡಿಎನ್‌ಎ ಪರೀಕ್ಷೆ: ಮೈಸೂರು, ಮಂಡ್ಯದ ಜನ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೈಸೂರಿನ ಒಂದು ಬ್ಲಡ್ ಬ್ಯಾಂಕಿನಲ್ಲಿ ಲ್ಯಾಬ್ ಟೆಕ್ನೀಷಿಯನ್. ಮನೆ ಮಂಡ್ಯದಲ್ಲಿ. ಹತ್ತೊಂಬತ್ತು ವರ್ಷದಿಂದ ದಿನಾ ರೈಲಿನಲ್ಲಿ ಓಡಾಟ. ಕೌಂಟರಿನ ಕಿಟಕಿ ಹತ್ತಿರ, ಮದ್ದೂರು, ಪಾಂಡವಪುರ, ಕೆ.ಆರ್. ಪೇಟೆ ಕಡೆ ನಡೆಯುವ ರಕ್ತದಾನ ಶಿಬಿರಗಳಲ್ಲಿ, ಒಮ್ಮೊಮ್ಮೆ ರೈಲಿನ ಸೀಟಿನಲ್ಲೇ ಜನ ಕೇಳಿದ ಪ್ರಶ್ನೆಗಳಿವು. ಅವರು ಕೇಳಿದ ಹಾಗೆಯೇ ಬರೆದಿದ್ದೇನೆ. ಉತ್ತರ ಮಾತ್ರ ಕಿಟಕಿಯಲ್ಲಿ ಹೇಳಲು ಆಗದಷ್ಟು ಬಿಡಿಸಿ ಬರೆದಿದ್ದೇನೆ.

ಅಲ್ಲಾ ಮೇಡಂ, ನಮ್ಮದೂ ಓ ಪಾಸಿಟಿವ್, ಕೊಟ್ಟವರದ್ದೂ ಓ ಪಾಸಿಟಿವ್. ಮತ್ತೆ ಹೊಂದಲ್ಲ ಅಂತೀರಲ್ಲ, ಹೇಗೆ?

ನನಗೆ ಅತಿ ಹೆಚ್ಚು ಸಲ ಬಂದ ಪ್ರಶ್ನೆ ಇದೇ. ಕೇಳುವವರ ಮುಖದಲ್ಲಿ ಸಿಟ್ಟೂ ಇರುತ್ತೆ, ಭಯವೂ ಇರುತ್ತೆ. ಊರಿಂದ ನಾಲ್ಕು ಜನರನ್ನು ಕರೆತಂದು ರಕ್ತ ಕೊಡಿಸಿರುತ್ತಾರೆ. ಆಮೇಲೆ ನಾವು "ಕ್ರಾಸ್ ಮ್ಯಾಚ್ ಆಗ್ತಿಲ್ಲ, ಕಾಯಿರಿ" ಅಂತೀವಿ.

ಕೆಂಪು ರಕ್ತಕಣದ ಮೈಮೇಲೆ ತುಂಬಾ ಗುರುತುಗಳಿವೆ. ಇವಕ್ಕೆ ಆಂಟಿಜೆನ್ ಅಂತಾರೆ. ಎ, ಬಿ ಎಂಬ ಗುರುತುಗಳನ್ನು ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ತೋರಿಸಿಕೊಟ್ಟರು. ಪಾಸಿಟಿವ್, ನೆಗೆಟಿವ್ ಅಂತ ಹೇಳುವ ಆರ್‌ಎಚ್ ಗುರುತು ಗೊತ್ತಾಗಿದ್ದು 1940ರಲ್ಲಿ. ಜನರಿಗೆ ಗೊತ್ತಿರುವುದು ಇಷ್ಟೇ, ಕಾರ್ಡಿನಲ್ಲಿ ಬರೆಯುವುದೂ ಇಷ್ಟೇ. ಆದರೆ ಇಲ್ಲಿಯವರೆಗೆ ಪಟ್ಟಿಯಾಗಿರುವ ಗುರುತುಗಳು 360ಕ್ಕೂ ಜಾಸ್ತಿ. ಅವನ್ನು 45ಕ್ಕೂ ಹೆಚ್ಚು ಗುಂಪು ವ್ಯವಸ್ಥೆಗಳಾಗಿ ವಿಂಗಡಿಸಿದ್ದಾರೆ. ಕೆಲ್, ಡಫಿ, ಕಿಡ್, ಎಂಎನ್‌ಎಸ್ ಇವೆಲ್ಲ ಅಂಥ ವ್ಯವಸ್ಥೆಗಳ ಹೆಸರು.

ಇಬ್ಬರು ಓ ಪಾಸಿಟಿವ್ ಆಗಿದ್ದರೂ ಈ ಉಳಿದ ಗುರುತುಗಳು ಬೇರೆ ಬೇರೆ ಇರುತ್ತವೆ. ಹಿಂದೆ ರಕ್ತ ಹಾಕಿಸಿಕೊಂಡಾಗಲೋ, ಬಸುರಿಯಾಗಿದ್ದಾಗಲೋ ನಿಮ್ಮ ಮೈ ಒಂದು ಹೊಸ ಗುರುತನ್ನು ನೋಡಿ ಅದರ ವಿರುದ್ಧ ಆಂಟಿಬಾಡಿ ಮಾಡಿಟ್ಟುಕೊಂಡಿದ್ದರೆ, ಮುಂದಿನ ಸಲ ಅದೇ ಗುರುತಿರುವ ರಕ್ತ ಬಂದ ಕೂಡಲೇ ಅದನ್ನು ಒಡೆಯಲು ಶುರು ಮಾಡುತ್ತೆ. ನಾವು ಕ್ರಾಸ್ ಮ್ಯಾಚ್‌ನಲ್ಲಿ ಹುಡುಕುವುದು ಇದನ್ನೇ. ರೋಗಿಯ ಸೀರಂಗೆ, ಅಂದರೆ ಕಣ ತೆಗೆದ ರಕ್ತದ ತಿಳಿ ನೀರಿಗೆ, ದಾನಿಯ ಕಣ ಹಾಕಿ ನೋಡುತ್ತೇವೆ. ನಮ್ಮ ಜೆಲ್ ಕಾರ್ಡಿನಲ್ಲಿ ಸಣ್ಣ ಸಣ್ಣ ಕೊಳವೆಗಳಿರುತ್ತವೆ. ರಕ್ತ ಹೊಂದಿದರೆ ಕಣಗಳೆಲ್ಲ ತಳಕ್ಕಿಳಿದು ಸಾಸಿವೆ ಕಾಳಿನಷ್ಟು ಕೆಂಪು ಗುಂಡಿಯಾಗಿ ಕೂರುತ್ತವೆ. ಹೊಂದದಿದ್ದರೆ ಅಂಟಿಕೊಂಡು, ಕೆಳಗಿಳಿಯಲಾರದೆ, ಜೆಲ್‌ನ ಮೇಲೆಯೇ ಕೆಂಪು ಗೆರೆಯಾಗಿ ನಿಲ್ಲುತ್ತವೆ. ಆ ಗೆರೆ ಕಂಡ ಮೇಲೆ ಆ ಚೀಲವನ್ನು ನಾವು ಕೊಡುವುದಿಲ್ಲ. ನೀವು ಬೈದರೂ ಪರವಾಗಿಲ್ಲ, ಕೊಡುವುದಿಲ್ಲ.

ಹಾಗಾದರೆ ರಕ್ತ ಹಾಕಿಸಿಕೊಂಡವರಿಗೆಲ್ಲ ಈ ಆಂಟಿಬಾಡಿ ಆಗುತ್ತಾ?

ಇಲ್ಲ. ಅಪಘಾತಕ್ಕೋ ಆಪರೇಷನ್‌ಗೋ ಒಂದೆರಡು ಬಾಟಲಿ ಹಾಕಿಸಿಕೊಂಡ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ತೊಂದರೆ ಬರುವುದು ಮತ್ತೆ ಮತ್ತೆ ರಕ್ತ ಬೇಕಾಗುವವರಿಗೆ. ಥಲಸ್ಸೇಮಿಯಾ ಅಂದರೆ ಮೈ ಸಾಕಷ್ಟು ಹಿಮೋಗ್ಲೋಬಿನ್ ಮಾಡಲಾಗದ, ವಂಶದಲ್ಲಿ ಬರುವ ಕಾಯಿಲೆ. ಆ ಮಕ್ಕಳಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕು. ಅಂದರೆ ಪ್ರತಿ ಸಲ ಹೊಸಬರ ರಕ್ತ, ಹೊಸ ಗುರುತುಗಳ ಗುಚ್ಛ.

ಇನ್ನೊಂದು ವಿಷಯವನ್ನು ಮನೆಯವರು ಗಮನಿಸಬೇಕು. ಕೆಲವು ಆಂಟಿಬಾಡಿ, ಅದರಲ್ಲೂ ಕಿಡ್ ಗುಂಪಿನವು, ಕೆಲವು ತಿಂಗಳಲ್ಲಿ ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗಿಬಿಡುತ್ತವೆ. ಕ್ರಾಸ್ ಮ್ಯಾಚ್ ಸರಿ ಬರುತ್ತೆ, ರಕ್ತ ಹಾಕ್ತಾರೆ, ಮಗು ಮನೆಗೆ ಹೋಗುತ್ತೆ. ಆಮೇಲೆ ಮೈಯಲ್ಲಿ ಹಳೆಯ ನೆನಪು ಎಚ್ಚರಗೊಂಡು ಆಂಟಿಬಾಡಿ ಏರುತ್ತೆ. ಐದಾರು ದಿನ, ಕೆಲವೊಮ್ಮೆ ಎರಡು ವಾರ ಬಿಟ್ಟು ಜ್ವರ, ಕಣ್ಣು ಹಳದಿ, ಮೂತ್ರ ಚಹಾ ಬಣ್ಣ. ಅಮ್ಮಂದಿರು ಇದನ್ನು ಕಾಮಾಲೆ ಅಂದುಕೊಂಡು ಹಳ್ಳಿಯಲ್ಲಿ ಔಷಧಿ ಕಟ್ಟಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ರಕ್ತ ಹಾಕಿಸಿಕೊಂಡು ಎರಡು ವಾರದೊಳಗೆ ಹೀಗಾದರೆ ನೇರ ಆಸ್ಪತ್ರೆಗೆ ಬನ್ನಿ. "ಇಂಥ ದಿನ ರಕ್ತ ಹಾಕಿಸಿದ್ವಿ" ಅನ್ನುವುದನ್ನು ಮೊದಲು ಹೇಳಿ.

ಡಿಎನ್‌ಎ ಪರೀಕ್ಷೆಯಲ್ಲಿ ಏನು ನೋಡ್ತಾರೆ?

ಈ ಗುರುತುಗಳನ್ನೆಲ್ಲ ಮಾಡುವುದಕ್ಕೆ ನಮ್ಮ ವಂಶವಾಹಿಯಲ್ಲಿ ಒಂದು ಬರಹ ಇರುತ್ತೆ. ಆ ಬರಹವನ್ನೇ ಓದುತ್ತಾರೆ. ಎಷ್ಟೋ ಗುಂಪುಗಳಲ್ಲಿ ವ್ಯತ್ಯಾಸ ಇರುವುದು ಒಂದೇ ಒಂದು ಅಕ್ಷರದಲ್ಲಿ. ಕನ್ನಡದಲ್ಲಿ ಹಾಲು ಅಂತ ಬರೆಯುವ ಕಡೆ ಲ ಹೋಗಿ ಳ ಬಂದರೆ ಹಾಳು ಆಗುತ್ತಲ್ವಾ, ಹಾಗೆ. ಡಫಿ-ಎ ಇರುವವರಿಗೂ ಡಫಿ-ಬಿ ಇರುವವರಿಗೂ ಒಂದು ಅಕ್ಷರದ ವ್ಯತ್ಯಾಸ. ಕಿಡ್-ಎ, ಕಿಡ್-ಬಿ ಕೂಡ ಹಾಗೇ. ಕೆಲ್ ಕೂಡ.

ಒಂದು ವಿಚಿತ್ರ ಏನೆಂದರೆ, ಕೆಂಪು ಕಣದ ಗುಂಪು ತಿಳಿಯಬೇಕು, ಆದರೆ ಬೆಳೆದ ಕೆಂಪು ಕಣದೊಳಗೆ ಡಿಎನ್‌ಎ ಇರುವುದೇ ಇಲ್ಲ. ಡಿಎನ್‌ಎ ಇರುವ ಅದರ ನಡುವಿನ ಬೀಜ ಮೂಳೆಮಜ್ಜೆಯಲ್ಲೇ ಬಿದ್ದುಹೋಗಿರುತ್ತೆ. ಹಾಗಾಗಿ ಅದೇ ರಕ್ತದಲ್ಲಿರುವ ಬಿಳಿ ಕಣಗಳಿಂದ ಡಿಎನ್‌ಎ ತೆಗೆಯುತ್ತಾರೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಎರಡು ಮೂರು ಎಂಎಲ್ ರಕ್ತ ಸಾಕು. ಸಕ್ಕರೆ ಪರೀಕ್ಷೆಗೆ ಕೊಟ್ಟ ಹಾಗೆಯೇ. ಖಾಲಿ ಹೊಟ್ಟೆ ಬೇಕಿಲ್ಲ.

ಪಿಸಿಆರ್ ಎಂಬ ವಿಧಾನದಲ್ಲಿ ಬೇಕಾದ ಭಾಗವನ್ನು ಲಕ್ಷಗಟ್ಟಲೆ ಪ್ರತಿ ಮಾಡಿ ಓದುವುದು ಒಂದು ದಾರಿ. ಒಂದು ಚಿಪ್ ಮೇಲೆ ಹತ್ತಾರು ಗುರುತುಗಳ ಅಕ್ಷರಗಳನ್ನು ಒಟ್ಟಿಗೆ ನೋಡುವುದು ಇನ್ನೊಂದು. ಅಮೆರಿಕದಲ್ಲಿ 35 ಗುರುತು ನೋಡುವ ಇಂಥ ಕಿಟ್‌ಗೆ 2014ರಲ್ಲಿ ಅನುಮತಿ ಸಿಕ್ಕಿತು. ಇಡೀ ವಂಶವಾಹಿ ಓದುವ ಸೀಕ್ವೆನ್ಸಿಂಗ್ ಮೂರನೆಯದು. ಯಾರಿಗೂ ಅರ್ಥವಾಗದ ಕೇಸ್ ಬಂದಾಗ ಅದು ಬೇಕಾಗುತ್ತೆ.

ಸೀರಂ ಹಾಕಿ ನೋಡೋ ಹಳೇ ಪರೀಕ್ಷೆ ಇದೆಯಲ್ಲ, ಅದು ಸಾಲದಾ?

ಹೆಚ್ಚಿನವರಿಗೆ ಸಾಕು. ಆ ಪರೀಕ್ಷೆಯ ಮೇಲೆ ನನಗೆ ತುಂಬಾ ಗೌರವ ಇದೆ. ಬಿಳಿ ಟೈಲ್ ಮೇಲೆ ನೀಲಿ ಬಣ್ಣದ ಆಂಟಿ-ಎ (ಎ ಗುರುತಿಗೆ ಅಂಟುವ ಸಿದ್ಧ ಸೀರಂ) ಒಂದು ಹನಿ, ಹಳದಿ ಬಣ್ಣದ ಆಂಟಿ-ಬಿ ಒಂದು ಹನಿ, ಪಕ್ಕದಲ್ಲಿ ರಕ್ತ. ಕಡ್ಡಿಯಲ್ಲಿ ಕಲಸಿ ಟೈಲನ್ನು ಆ ಕಡೆ ಈ ಕಡೆ ವಾಲಿಸಿದರೆ ಆ ಗುರುತಿರುವ ರಕ್ತ ನಿಮಿಷದೊಳಗೆ ಹಾಲು ಒಡೆದ ಹಾಗೆ ಕಾಳು ಕಾಳಾಗುತ್ತೆ.

ಆದರೆ ಕೆಲವು ಕಡೆ ಅದು ಕೈಕೊಡುತ್ತೆ. ಹೋದ ವಾರ ರಕ್ತ ಹಾಕಿಸಿಕೊಂಡ ಮಗುವಿನ ಸಾಂಪಲ್‌ನಲ್ಲಿ ಮಗುವಿನ ಕಣವೂ ಇದೆ, ದಾನಿಯ ಕಣವೂ ಇದೆ. ಹನಿ ಹಾಕಿದರೆ ಅರ್ಧ ಗಂಟು, ಅರ್ಧ ಬಿಡಿ. ಯಾವುದು ಮಗುವಿನದು ಅಂತ ಹೇಗೆ ಹೇಳೋದು? ಡಿಎನ್‌ಎಗೆ ಈ ಗೊಂದಲ ಇಲ್ಲ. ಕೆಲವರ ಮೈ ತನ್ನ ಕಣಕ್ಕೇ ಆಂಟಿಬಾಡಿ ಅಂಟಿಸಿಕೊಂಡಿರುತ್ತೆ. ಅವರಲ್ಲಿ ಏನು ಹಾಕಿದರೂ ಪಾಸಿಟಿವ್ ಬಂದಂತೆ ಕಾಣುತ್ತೆ. ಮೈಲೋಮಾ ಎಂಬ ಕ್ಯಾನ್ಸರಿಗೆ ಕೊಡುವ ಡಾರಾಟುಮುಮ್ಯಾಬ್ ಔಷಧಿ ತೆಗೆದುಕೊಳ್ಳುವವರ ಸೀರಂ ಎಲ್ಲರ ಕಣದ ಜೊತೆಗೂ ಪ್ರತಿಕ್ರಿಯಿಸಿದ ಹಾಗೆ ತೋರಿಸುತ್ತೆ. ಇಂಥವರಿಗೆ ಔಷಧಿ ಶುರುವಾಗುವ ಮೊದಲೇ ಗುಂಪಿನ ಪೂರ್ತಿ ಪಟ್ಟಿ ಮಾಡಿಟ್ಟರೆ ಆಮೇಲೆ ನಾವು ಕತ್ತಲಲ್ಲಿ ತಡಕಾಡಬೇಕಾಗಿಲ್ಲ. ಇನ್ನು ಕೆಲವು ಅಪರೂಪದ ಗುರುತುಗಳಿಗೆ ಸೀರಂ ಅಂಗಡಿಯಲ್ಲಿ ಸಿಗುವುದೇ ಇಲ್ಲ.

ಬ್ಲಡ್ ಬ್ಯಾಂಕ್ ಬೋರ್ಡಿನಲ್ಲಿ "ನ್ಯಾಟ್ ಪರೀಕ್ಷಿತ ರಕ್ತ" ಅಂತ ಇತ್ತು. ಅದೇನಾ ಇದು?

ಅಲ್ಲ. ನ್ಯಾಟ್ ಅಂದರೆ ರಕ್ತದಲ್ಲಿ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ವೈರಸ್ಸುಗಳ ವಂಶವಾಹಿ ಇದೆಯಾ ಅಂತ ಹುಡುಕುವುದು. ಅದು ಸೋಂಕಿನ ಪರೀಕ್ಷೆ. ರಕ್ತದ ಗುಂಪಿಗೂ ಅದಕ್ಕೂ ಸಂಬಂಧ ಇಲ್ಲ.

ಬೇರೆ ಬೇರೆ ಜನಾಂಗದವರ ರಕ್ತ ಬೇರೆ ಬೇರೆ ಇರುತ್ತಾ? ಎಲ್ಲರದ್ದೂ ಕೆಂಪೇ ಅಲ್ವಾ?

ಎಲ್ಲರದ್ದೂ ಕೆಂಪೇ. ಕಣದ ಮೇಲಿನ ಗುರುತುಗಳು ಮಾತ್ರ ಎಲ್ಲ ಕಡೆ ಒಂದೇ ಪ್ರಮಾಣದಲ್ಲಿ ಹಂಚಿಲ್ಲ. ನಮ್ಮ ಹಿರಿಯರು ಎಲ್ಲಿದ್ದರು, ಯಾವ ಕಾಯಿಲೆ ದಾಟಿ ಬಂದರು, ಯಾರ ಜೊತೆ ಮದುವೆಯಾದರು ಅನ್ನುವುದೆಲ್ಲ ಅದರಲ್ಲಿ ಉಳಿದಿದೆ.

ಒಂದೊಂದಾಗಿ ಹೇಳ್ತೀನಿ. ಯುರೋಪಿನವರಲ್ಲಿ ನೂರಕ್ಕೆ ಸುಮಾರು 15 ಜನ ಆರ್‌ಎಚ್ ನೆಗೆಟಿವ್. ನಮ್ಮಲ್ಲಿ ನೂರಕ್ಕೆ ಐದಾರು. ಚೀನಾ, ಜಪಾನ್ ಕಡೆ ಇನ್ನೂ ಕಡಿಮೆ. ನೆಗೆಟಿವ್ ಆಗುವ ಕಾರಣವೂ ಎಲ್ಲ ಕಡೆ ಒಂದೇ ಅಲ್ಲ. ಯುರೋಪಿನವರಲ್ಲಿ ಸಾಮಾನ್ಯವಾಗಿ ಆ ವಂಶವಾಹಿಯೇ ಇರುವುದಿಲ್ಲ. ಆಫ್ರಿಕಾ ಮೂಲದ ಅನೇಕರಲ್ಲಿ ಅದು ಇದೆ, ಆದರೆ ನಡುವೆ 37 ಅಕ್ಷರ ಜಾಸ್ತಿ ಸೇರಿ ಕೆಟ್ಟು ನಿಂತಿದೆ. "ವಂಶವಾಹಿ ಇದೆಯಾ, ಇಲ್ವಾ" ಅಂತ ಮಾತ್ರ ನೋಡುವ ಪರೀಕ್ಷೆ ಇವರನ್ನು ತಪ್ಪಾಗಿ ಪಾಸಿಟಿವ್ ಅಂದುಬಿಡುತ್ತೆ. ಪೂರ್ವ ಏಷ್ಯಾದಲ್ಲಿ ನೆಗೆಟಿವ್ ಅಂತ ಕಾಣುವ ಕೆಲವರಲ್ಲಿ ಡಿ ಗುರುತು, ಅಂದರೆ ಪಾಸಿಟಿವ್ ಅನ್ನಿಸುವ ಆ ಆರ್‌ಎಚ್ ಗುರುತು, ಅತಿ ಸ್ವಲ್ಪ ಇರುತ್ತೆ. ಮಾಮೂಲಿ ಪರೀಕ್ಷೆಗೆ ಅದು ಸಿಗದು. ಇದಕ್ಕೆ ಡೆಲ್ ಅಂತಾರೆ.

ಡಫಿಯ ಕತೆ ನನಗೆ ತುಂಬಾ ಇಷ್ಟ. ಆಫ್ರಿಕಾ ಮೂಲದ ಬಹಳ ಜನರ ಕೆಂಪು ಕಣದ ಮೇಲೆ ಡಫಿ ಗುರುತೇ ಇಲ್ಲ. ವೈವ್ಯಾಕ್ಸ್ ಎಂಬ ಮಲೇರಿಯಾ ಪರೋಪಜೀವಿ ಒಳಗೆ ನುಗ್ಗಲು ಹಿಡಿಯುವ ಬಾಗಿಲ ಚಿಲಕವೇ ಆ ಡಫಿ. ಚಿಲಕ ಇಲ್ಲದ ಮನೆಗೆ ಅದು ಸುಲಭವಾಗಿ ನುಗ್ಗಲಾರದು. ಇವರ ವಂಶವಾಹಿ ಓದಿದರೆ ಡಫಿ-ಬಿ ಬರಹ ಸರಿಯಾಗಿಯೇ ಇರುತ್ತೆ. ಕೆಂಪು ಕಣದಲ್ಲಿ ಅದನ್ನು ಹೊತ್ತಿಸುವ ಸ್ವಿಚ್ ಮಾತ್ರ ಕೆಟ್ಟಿರುತ್ತೆ. ಮೈಯ ಬೇರೆ ಭಾಗಗಳಲ್ಲಿ ಡಫಿ-ಬಿ ಇದ್ದೇ ಇದೆ. ಹಾಗಾಗಿ ಅವರ ಮೈ ಅದನ್ನು ಪರಕೀಯ ಅಂತ ನೋಡುವುದಿಲ್ಲ, ಅವರಿಗೆ ಡಫಿ-ಬಿ ಇರುವ ರಕ್ತ ಕೊಡಬಹುದು. ಸೀರಂ ಪರೀಕ್ಷೆ ಒಂದನ್ನೇ ನಂಬಿದರೆ ಎರಡೂ ಡಫಿ ಇಲ್ಲದ ದಾನಿಗಾಗಿ ಸುಮ್ನೆ ಹುಡುಕಿ ಸುಸ್ತಾಗುತ್ತಿದ್ದೆವು.

ಭಾರತೀಯರದ್ದೇ ಒಂದು ವ್ಯವಸ್ಥೆ ಇದೆ. ಅದರ ಹೆಸರೇ "ಇಂಡಿಯನ್". 1970ರ ದಶಕದಲ್ಲಿ ಮುಂಬೈಯಲ್ಲಿ ಪತ್ತೆಯಾಗಿದ್ದು. ಅದರ ಇನ್-ಎ ಗುರುತು ನಮ್ಮಲ್ಲಿ ನೂರಕ್ಕೆ ಮೂರ್ನಾಲ್ಕು ಜನರಲ್ಲಿರಬಹುದು, ಯುರೋಪಿನವರಲ್ಲಿ ಇಲ್ಲವೆನ್ನುವಷ್ಟು ಅಪರೂಪ. ಯುರೋಪಿನವರಲ್ಲಿ ನೂರಕ್ಕೆ 9 ಜನರಿಗಿರುವ ಕೆಲ್ ಗುರುತು ನಮ್ಮಲ್ಲಿ ಅಷ್ಟಿಲ್ಲ.

ಇದೆಲ್ಲ ಮೈಸೂರಿಗೆ ಯಾಕೆ ಅಂತೀರಾ? ನಮ್ಮ ಜಿಲ್ಲೆಯನ್ನೇ ನೋಡಿ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ 1960ರ ದಶಕದಿಂದ ಟಿಬೆಟಿನವರಿದ್ದಾರೆ. ಹೆಗ್ಗಡದೇವನ ಕೋಟೆಯ ಹಾಡಿಗಳಲ್ಲಿ ಜೇನು ಕುರುಬರು, ಕಾಡು ಕುರುಬರು, ಯರವರು. ವಿಶ್ವವಿದ್ಯಾನಿಲಯಕ್ಕೆ ಆಫ್ರಿಕಾ, ಪಶ್ಚಿಮ ಏಷ್ಯಾದಿಂದ ಓದಲು ಬಂದ ಹುಡುಗರು. ಕಟ್ಟಡ ಕೆಲಸಕ್ಕೆ ಬಿಹಾರ, ಒಡಿಶಾದಿಂದ ಬಂದವರು. ಇವರೆಲ್ಲರೂ ಒಂದೇ ಆಸ್ಪತ್ರೆ ಸಾಲಿನಲ್ಲಿ ನಿಲ್ಲುತ್ತಾರೆ. ನಮ್ಮ ಫ್ರಿಜ್ಜಿನಲ್ಲಿರುವ ರಕ್ತ ಮಾತ್ರ ಬಹುಪಾಲು ಪೇಟೆಯ ಕಾಲೇಜು, ಕಾರ್ಖಾನೆ ಶಿಬಿರಗಳದ್ದು.

ಪರೀಕ್ಷೆಯಲ್ಲೇ ಒಂದು ಕೊರತೆಯೂ ಇದೆ. ಚಿಪ್‌ನಲ್ಲಿ ಯಾವ ಅಕ್ಷರ ನೋಡಬೇಕು ಅಂತ ಮೊದಲೇ ಬರೆದಿಟ್ಟಿರುತ್ತಾರೆ. ಆ ಪಟ್ಟಿ ಯುರೋಪ್, ಅಮೆರಿಕದ ದಾನಿಗಳನ್ನು ನೋಡಿ ಮಾಡಿದ್ದಾದರೆ ನಮ್ಮವರಲ್ಲಿ ಮಾತ್ರ ಇರುವ ಬದಲಾವಣೆ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಆಂಟಿಬಾಡಿ ಹುಡುಕಲು ನಾವು ಬಳಸುವ ಸಿದ್ಧ ಕಣಗಳಿಗೂ ಇದೇ ಮಾತು. ಅವು ಹೊರದೇಶದ ದಾನಿಗಳದ್ದಾಗಿದ್ದರೆ ಅವರಲ್ಲಿ ಇಲ್ಲದ ಗುರುತಿನ ಆಂಟಿಬಾಡಿ ತಪ್ಪಿಸಿಕೊಳ್ಳುತ್ತೆ. ಭಾರತದ 83 ಸಮುದಾಯಗಳಿಂದ ಸುಮಾರು 10,000 ಜನರ ಪೂರ್ತಿ ವಂಶವಾಹಿ ಓದಿದ ಜೀನೋಮ್ ಇಂಡಿಯಾ ಯೋಜನೆಯ ಮಾಹಿತಿ 2025ರಲ್ಲಿ ಸಂಶೋಧಕರಿಗೆ ತೆರೆದುಕೊಂಡಿತು. ನಮ್ಮ ಜನರಿಗೆ ಹೊಂದುವ ಪಟ್ಟಿ ಮಾಡಲು ಇಂಥ ಮಾಹಿತಿ ಬೇಕೇ ಬೇಕು.

ಹಾಗಾದ್ರೆ ಜಾತಿ ನೋಡಿ ರಕ್ತ ಕೊಡ್ತೀರಾ?

ಇಲ್ಲ. ಯಾವತ್ತೂ ಇಲ್ಲ. ರಕ್ತದ ಚೀಲದ ಮೇಲೆ ಗುಂಪು, ನಂಬರು, ತಾರೀಕು ಇರುತ್ತೆ. ಜಾತಿ, ಧರ್ಮ ಇರುವುದಿಲ್ಲ. ಒಂದು ಶಿಬಿರದಲ್ಲಿ ಹಿರಿಯರೊಬ್ಬರು ಇದನ್ನೇ ನೆಪ ಮಾಡಿಕೊಂಡು "ನೋಡಿ, ನಮ್ಮ ರಕ್ತವೇ ಬೇರೆ ಅಂತ ವಿಜ್ಞಾನವೂ ಹೇಳುತ್ತೆ" ಅಂದರು. ವಿಜ್ಞಾನ ಹಾಗೆ ಹೇಳುವುದೇ ಇಲ್ಲ. ನಿಮಗೆ ಹೊಂದುವ ರಕ್ತ ನಿಮ್ಮ ಬೀದಿಯ ಆ ಕೊನೆಯವರಲ್ಲಿ ಇರಬಹುದು, ಒಡಹುಟ್ಟಿದ ತಮ್ಮನಲ್ಲಿ ಇಲ್ಲದಿರಬಹುದು. ಒಂದು ಗುರುತು ಒಂದು ಸಮುದಾಯದಲ್ಲಿ ನೂರಕ್ಕೆ ಇಬ್ಬರಲ್ಲಿ, ಇನ್ನೊಂದರಲ್ಲಿ ನೂರಕ್ಕೆ ಐವರಲ್ಲಿ ಇದೆ ಅಂದರೆ, ಎಲ್ಲಿ ಹುಡುಕಿದರೆ ಬೇಗ ಸಿಗಬಹುದು ಅಂತ ಮಾತ್ರ ಗೊತ್ತಾಗುತ್ತೆ. ಒಬ್ಬೊಬ್ಬರ ರಕ್ತ ಏನು ಅಂತ ಅವರವರ ಟ್ಯೂಬ್ ಹೇಳಬೇಕು, ಹೆಸರಿನ ಹಿಂದಿರುವ ಜಾತಿ ಅಲ್ಲ.

ಅದಕ್ಕೇ ನಾವು ಕೇಳುವುದು ಎಲ್ಲ ಕೇರಿಯವರೂ, ಎಲ್ಲ ಹಾಡಿಯವರೂ ದಾನಿಗಳಾಗಲಿ ಅಂತ. ಯಾವ ಜನ ದಾನಿಗಳ ಪಟ್ಟಿಯಲ್ಲಿ ಇಲ್ಲವೋ, ಅವರ ಮಕ್ಕಳಿಗೇ ಹೊಂದುವ ರಕ್ತ ಸಿಗುವುದು ಕಷ್ಟವಾಗುತ್ತೆ.

ಕೋಲಾರದ ಒಬ್ಬ ಮಹಿಳೆಗೆ ಜಗತ್ತಲ್ಲೇ ಇಲ್ಲದ ರಕ್ತ ಅಂತ ಟಿವಿಯಲ್ಲಿ ಬಂತು. ನಿಜವಾ?

ನಿಜ. ಕೋಲಾರದ 38 ವರ್ಷದ ಮಹಿಳೆಗೆ ಹೃದಯದ ಆಪರೇಷನ್ ಆಗಬೇಕಿತ್ತು. ಮಾಮೂಲಿ ಓ ಪಾಸಿಟಿವ್. ಆದರೆ ಯಾವ ಓ ಪಾಸಿಟಿವ್ ರಕ್ತವೂ ಹೊಂದಲಿಲ್ಲ. ಬೆಂಗಳೂರಿನ ರೋಟರಿ ಟಿಟಿಕೆ ಬ್ಲಡ್ ಸೆಂಟರ್‌ನವರು ಮನೆಯವರ ಪೈಕಿ 20 ಜನರ ರಕ್ತ ತೆಗೆದು ನೋಡಿದರು. ಅದರಲ್ಲೂ ಒಂದೂ ಹೊಂದಲಿಲ್ಲ. ಕೊನೆಗೆ ವೈದ್ಯರು ರಕ್ತವೇ ಹಾಕದೆ ಬಹಳ ಜೋಪಾನವಾಗಿ ಆಪರೇಷನ್ ಮಾಡಿ ಮುಗಿಸಿದರು.

ಸಾಂಪಲ್‌ಗಳು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿರುವ ಅಂತರರಾಷ್ಟ್ರೀಯ ರಕ್ತಗುಂಪು ಲ್ಯಾಬಿಗೆ ಹೋದವು. ಸುಮಾರು ಹತ್ತು ತಿಂಗಳ ಕೆಲಸ. ಕ್ರೋಮರ್ ಎಂಬ ವ್ಯವಸ್ಥೆಯಲ್ಲಿ ಅಲ್ಲಿಯವರೆಗೆ ಯಾರೂ ನೋಡದ ಗುರುತು ಅದು ಅಂತ ತಿಳಿಯಿತು. ಉಳಿದವರೆಲ್ಲರಿಗೂ ಇರುವ ಆ ಗುರುತು ಆಕೆಗಿಲ್ಲ. ಹೆಸರು ಕ್ರಿಬ್ ಅಂತ ಇಟ್ಟರು. ಕ್ರೋಮರ್‌ನ ಕ್ರ, ಇಂಡಿಯಾದ ಇ, ಬೆಂಗಳೂರಿನ ಬ. 2025ರ ಜೂನ್‌ನಲ್ಲಿ ಇಟಲಿಯ ಮಿಲಾನ್ ಸಮ್ಮೇಳನದಲ್ಲಿ ಪ್ರಕಟಿಸಿದರು.

ಆ ಸುದ್ದಿ ಬಂದ ದಿನ ನಮ್ಮ ಲ್ಯಾಬಿನಲ್ಲಿ ಎಲ್ಲರೂ ಅದನ್ನೇ ಮಾತಾಡಿಕೊಂಡೆವು. ಅಂಥ ಸಾಂಪಲ್ ನಮ್ಮ ಮೇಜಿಗೆ ಬಂದಿದ್ದರೆ ಎಲ್ಲ ಕೊಳವೆಯಲ್ಲೂ ಕೆಂಪು ಗೆರೆ ನೋಡಿ ನಾವೇನು ಮಾಡುತ್ತಿದ್ದೆವು? ಬಿಟ್ಟುಬಿಡದೆ ಮುಂದಕ್ಕೆ ಕಳಿಸುತ್ತಿದ್ದೆವಾ? ಈ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಗಂಡನೂ ಓ, ಹೆಂಡತಿಯೂ ಓ. ಮಗು ಬಿ. ಇದು ಆಗುತ್ತಾ ಮೇಡಂ?

ಈ ಪ್ರಶ್ನೆಯನ್ನು ಜನ ದನಿ ತಗ್ಗಿಸಿ ಕೇಳುತ್ತಾರೆ. ಉತ್ತರ: ಆಗಬಹುದು. ದಯವಿಟ್ಟು ಪೂರ್ತಿ ಓದಿ.

ಕೆಲವು ವರ್ಷದ ಹಿಂದೆ ಒಬ್ಬ ಹೆಣ್ಣುಮಗಳು ಅತ್ತೆಯ ಜೊತೆ ಬಂದಿದ್ದಳು. ಊರು ಹೇಳುವುದಿಲ್ಲ. ಯಾವುದೋ ಲ್ಯಾಬಿನಲ್ಲಿ ಮಗುವಿನ ಗುಂಪು ಬಿ ಅಂತ ಬಂದಿತ್ತು, ಗಂಡ ಹೆಂಡತಿ ಇಬ್ಬರದ್ದೂ ಓ. ಮನೆಯಲ್ಲಿ ಮಾತು ನಿಂತುಹೋಗಿ ಎರಡು ತಿಂಗಳಾಗಿತ್ತು. ಅವಳು ನನ್ನ ಮುಖ ನೋಡದೆ ನೆಲ ನೋಡುತ್ತಾ ಕೈ ಚಾಚಿದಳು. ಆ ಲ್ಯಾಬಿನಲ್ಲಿ ಟೈಲ್ ಮೇಲೆ ಹನಿ ಹಾಕಿ ಮಾತ್ರ ನೋಡಿದ್ದರು. ನಾವು ತಿರುಗುಮುರುಗು ಪರೀಕ್ಷೆಯನ್ನೂ ಮಾಡಿದೆವು. ಅಂದರೆ ಅವಳ ಸೀರಂಗೆ ಗೊತ್ತಿರುವ ಎ, ಬಿ, ಓ ಕಣಗಳನ್ನು ಹಾಕಿ ನೋಡುವುದು. ಓ ಗುಂಪಿನವರ ಸೀರಂ ಓ ಕಣವನ್ನು ಮುಟ್ಟಬಾರದು. ಅವಳ ಟ್ಯೂಬಿನಲ್ಲಿ ಓ ಕಣಗಳು ಒಂದೇ ಗಟ್ಟಿ ಮುದ್ದೆಯಾಗಿ ನಿಂತಿದ್ದವು. ಅಲುಗಿಸಿದರೂ ಬಿಡಲಿಲ್ಲ.

ಅವಳದ್ದು ಬಾಂಬೆ ಗುಂಪು. 1952ರಲ್ಲಿ ಮುಂಬೈಯಲ್ಲಿ ಡಾ. ವೈ.ಎಂ. ಭೇಂಡೆ ಮತ್ತು ಜೊತೆಯವರು ಪತ್ತೆ ಮಾಡಿದ್ದು. ಎ, ಬಿ ಗುರುತುಗಳು ಕೂರಲು ಎಚ್ ಎಂಬ ಮಣೆ ಬೇಕು. ಓ ಗುಂಪಿನವರಲ್ಲಿ ಬರೀ ಮಣೆ ಇರುತ್ತೆ. ಬಾಂಬೆ ಗುಂಪಿನವರಲ್ಲಿ ಎಫ್‌ಯುಟಿ1 ಎಂಬ ವಂಶವಾಹಿಯ ಎರಡು ಪ್ರತಿಯೂ ಕೆಟ್ಟಿರುವುದರಿಂದ ಮಣೆಯೇ ಇಲ್ಲ. ಅವಳ ವಂಶವಾಹಿಯಲ್ಲಿ ಬಿ ಬರಹ ಇದ್ದೇ ಇತ್ತು, ಕೂರಲು ಜಾಗ ಇರಲಿಲ್ಲ. ಮಗುವಿಗೆ ಅಪ್ಪನಿಂದ ಮಣೆ ಸಿಕ್ಕಿತು, ಅಮ್ಮನಿಂದ ಬಿ ಸಿಕ್ಕಿತು. ಬಿ ಕಾಣಿಸಿತು. ಸಾಂಪಲ್ ಹೊರಗೆ ಕಳಿಸಿ ಡಿಎನ್‌ಎ ಓದಿಸಿದಾಗ ಅವಳಲ್ಲಿ ಅಡಗಿದ್ದ ಬಿ ಬರಹ ಕಾಗದದ ಮೇಲೆ ಬಂತು. ಆ ಕಾಗದವನ್ನು ಅತ್ತೆಗೆ ಎರಡು ಸಲ ಓದಿ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಸೊಸೆಯ ಕೈಯಿಂದ ಮಗು ತೆಗೆದುಕೊಂಡು ಎದೆಗವಚಿಕೊಂಡರು.

ಬಾಂಬೆ ಗುಂಪು ನಮ್ಮ ದೇಶದಲ್ಲಿ ಸುಮಾರು 10,000ಕ್ಕೆ ಒಬ್ಬರಲ್ಲಿ. ಇವರಿಗೆ ಓ ನೆಗೆಟಿವ್ ಕೂಡ ಆಗುವುದಿಲ್ಲ, ಬಾಂಬೆಯವರದ್ದೇ ಬೇಕು. ಓ ಅಂತ ತಪ್ಪಾಗಿ ತಿಳಿದು ಓ ರಕ್ತ ಹಾಕಿದರೆ ಜೀವಕ್ಕೆ ಅಪಾಯ. ನಿಮ್ಮ ಗುಂಪು ಓ ಅಂತ ಬಂದಿದ್ದರೆ ಒಂದು ಸಲವಾದರೂ ಸರಿಯಾದ ಬ್ಲಡ್ ಬ್ಯಾಂಕಿನಲ್ಲಿ ಎರಡೂ ಕಡೆಯ (ಕಣದ್ದೂ, ಸೀರಂನದ್ದೂ) ಪರೀಕ್ಷೆ ಮಾಡಿಸಿ.

ಸೋದರಮಾವನನ್ನು ಮದುವೆಯಾದರೆ ಇಂಥದ್ದು ಜಾಸ್ತಿನಾ?

ಹೌದು, ಸಾಧ್ಯತೆ ಜಾಸ್ತಿ. ಕೆಟ್ಟ ಪ್ರತಿ ಒಂದೇ ಇದ್ದರೆ ಏನೂ ಗೊತ್ತಾಗುವುದಿಲ್ಲ. ಅಪ್ಪ ಅಮ್ಮ ಇಬ್ಬರೂ ವಂಶದ ಒಬ್ಬರೇ ಹಿರಿಯರಿಂದ ಅದನ್ನು ಪಡೆದಿದ್ದರೆ ಮಗುವಿಗೆ ಎರಡೂ ಬರಬಹುದು. ಬಾಂಬೆ ಗುಂಪಿಗೂ ಥಲಸ್ಸೇಮಿಯಾಕ್ಕೂ ಇದೇ ಲೆಕ್ಕ. ಈಗಾಗಲೇ ಮದುವೆಯಾಗಿದ್ದರೆ ಕೊರಗಬೇಡಿ. ಬಸುರಿಗೆ ಮೊದಲೇ ಇಬ್ಬರೂ ಥಲಸ್ಸೇಮಿಯಾ ವಾಹಕರಾ ಅಂತ ಪರೀಕ್ಷೆ ಮಾಡಿಸಿಕೊಳ್ಳಿ. ಅಪರೂಪದ ಗುಂಪು ಒಬ್ಬರಲ್ಲಿ ಸಿಕ್ಕರೆ ಮೊದಲು ಅಣ್ಣ ತಮ್ಮ, ಅಕ್ಕ ತಂಗಿಯರನ್ನು ಪರೀಕ್ಷಿಸಿ. ಅವರಲ್ಲಿ ಪ್ರತಿಯೊಬ್ಬರಿಗೂ ಅದೇ ಗುಂಪು ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು.

ನನ್ನ ಮಗಳಿಗೆ ಥಲಸ್ಸೇಮಿಯಾ. ಡಿಎನ್‌ಎ ಪರೀಕ್ಷೆ ಯಾವಾಗ ಮಾಡಿಸಬೇಕು?

ಮೊದಲ ಬಾಟಲಿಗೆ ಮುಂಚೆ. ಈ ಇಡೀ ಬರಹದಲ್ಲಿ ಒಂದು ಸಾಲು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಮೊದಲ ರಕ್ತ ಹಾಕುವ ಮುಂಚೆ ಮಗುವಿನ ಸ್ವಂತ ಕಣ ಮಾತ್ರ ಇರುತ್ತೆ. ಆಗ ಸೀರಂ ಪರೀಕ್ಷೆಯಿಂದಲೇ ಆರ್‌ಎಚ್‌ನ ಸಿ, ಇ ಗುರುತುಗಳು, ಕೆಲ್ ಇವನ್ನೆಲ್ಲ ಬರೆದಿಟ್ಟುಕೊಳ್ಳಬಹುದು. ಖರ್ಚೂ ಕಡಿಮೆ. ಥಲಸ್ಸೇಮಿಯಾ ಮಕ್ಕಳಲ್ಲಿ ಹೆಚ್ಚಾಗಿ ಆಂಟಿಬಾಡಿ ಆಗುವುದು ಈ ಗುರುತುಗಳಿಗೇ. ಇಷ್ಟು ಹೊಂದಿಸಿ ಕೊಟ್ಟರೂ ಮುಂದಿನ ಎಷ್ಟೋ ತೊಂದರೆ ತಪ್ಪುತ್ತೆ.

ಆ ಅವಕಾಶ ತಪ್ಪಿಹೋಗಿದ್ದರೆ, ಮಗುವಿಗೆ ಈಗಾಗಲೇ ಐವತ್ತು ಬಾಟಲಿ ಆಗಿದ್ದರೆ, ಡಿಎನ್‌ಎ ಪರೀಕ್ಷೆ ಅಂಥವರಿಗೆಂದೇ ಇರುವುದು. ತಡವಾಯಿತು ಅಂತ ಇಲ್ಲ. ಜೀವಮಾನಕ್ಕೆ ಒಂದೇ ಸಲ ಸಾಕು, ವಂಶವಾಹಿ ಬದಲಾಗುವುದಿಲ್ಲ. ಮೂಳೆಮಜ್ಜೆ ಕಸಿ ಆದವರ ವಿಷಯ ಮಾತ್ರ ಬೇರೆ. ಅವರ ರಕ್ತದಲ್ಲಿ ದಾನಿಯ ಡಿಎನ್‌ಎ ಇರುತ್ತೆ, ಅದನ್ನು ಲ್ಯಾಬಿಗೆ ಹೇಳಲೇಬೇಕು.

ಹಾಡಿಗಳಲ್ಲಿ ಸಿಕಲ್ ಸೆಲ್ ಅಂತ ಪರೀಕ್ಷೆ ಮಾಡ್ತಿದ್ದಾರೆ. ಅವರಿಗೂ ಇದು ಬೇಕಾ?

ಬೇಕು. ಸಿಕಲ್ ಸೆಲ್ ಅಂದರೆ ಕೆಂಪು ಕಣ ಕುಡುಗೋಲಿನ ಹಾಗೆ ಬಾಗುವ, ವಂಶದಲ್ಲಿ ಬರುವ ಕಾಯಿಲೆ. ಬಾಂಬೆ ಗುಂಪು ಪತ್ತೆಯಾದ 1952ರಲ್ಲೇ ನೀಲಗಿರಿಯ ಬುಡಕಟ್ಟುಗಳಲ್ಲಿ ಸಿಕಲ್ ಸೆಲ್ ಇರುವುದನ್ನು ಲೆಹ್‌ಮನ್ ಮತ್ತು ಕಟ್‌ಬುಷ್ ಬರೆದರು. ನೀಲಗಿರಿ ನಮ್ಮ ಕಾಡಿನ ಆ ಬದಿಯೇ ಅಲ್ವಾ? 2023ರ ಜುಲೈ 1ರಂದು ಶುರುವಾದ ರಾಷ್ಟ್ರೀಯ ಅಭಿಯಾನದಲ್ಲಿ 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡಿದ್ದರು. ಪತ್ತೆ ಮಾಡುವುದು ಅರ್ಧ ಕೆಲಸ. ರಕ್ತ ಬೇಕಾದಾಗ ಹೊಂದುವುದನ್ನು ಕೊಡುವುದು ಉಳಿದರ್ಧ. ಇಂಗ್ಲೆಂಡಿನಲ್ಲಿ 2024ರ ಜನವರಿಯಿಂದ ಸಿಕಲ್ ಸೆಲ್, ಥಲಸ್ಸೇಮಿಯಾ ಇರುವವರಿಗೆಲ್ಲ ಸರ್ಕಾರಿ ಆಸ್ಪತ್ರೆಯಲ್ಲೇ ರಕ್ತಗುಂಪಿನ ಡಿಎನ್‌ಎ ಪರೀಕ್ಷೆ ಕೊಡಲು ಶುರು ಮಾಡಿದರು. ಅಲ್ಲಿ ಸಿಕಲ್ ಸೆಲ್ ರೋಗಿಗಳು ಬಹುಪಾಲು ಆಫ್ರಿಕಾ, ಕೆರಿಬಿಯನ್ ಮೂಲದವರು, ದಾನಿಗಳು ಬಹುಪಾಲು ಬಿಳಿಯರು. ಹೊಂದಿಕೆ ಕಷ್ಟವಾಗಿ ಆ ದಾರಿ ಹಿಡಿದರು. ನಮ್ಮ ಹಾಡಿಯ ಮಕ್ಕಳಿಗೂ ಪೇಟೆಯ ಫ್ರಿಜ್ಜಿಗೂ ಇರುವ ದೂರ ಅಂಥದ್ದೇ.

ನಾನು ನೆಗೆಟಿವ್, ಏಳನೇ ತಿಂಗಳು. ನನಗೆ ಉಪಯೋಗ ಇದೆಯಾ?

ಇದೆ, ಆದರೆ ಮೊದಲು ಮಾಮೂಲಿ ಕೆಲಸ ತಪ್ಪಿಸಬೇಡಿ. 28 ವಾರದಲ್ಲಿ ಆಂಟಿ-ಡಿ ಇಂಜೆಕ್ಷನ್ (ಪಾಸಿಟಿವ್ ಮಗುವಿನ ಕಣದ ವಿರುದ್ಧ ನಿಮ್ಮ ಮೈ ಆಂಟಿಬಾಡಿ ಮಾಡದಂತೆ ತಡೆಯುವುದು), ಮಗು ಪಾಸಿಟಿವ್ ಆದರೆ ಹೆರಿಗೆಯಾಗಿ 72 ಗಂಟೆಯೊಳಗೆ ಇನ್ನೊಂದು. ತಾಯಿಯ ರಕ್ತದಲ್ಲಿ ಮಗುವಿನ ಡಿಎನ್‌ಎ ತುಣುಕುಗಳು ಓಡಾಡುತ್ತವೆ ಅಂತ 1997ರಲ್ಲಿ ಡೆನ್ನಿಸ್ ಲೋ ಮತ್ತು ಜೊತೆಯವರು ತೋರಿಸಿದರು. ಅದನ್ನು ಓದಿ ಹೊಟ್ಟೆಯಲ್ಲಿರುವ ಮಗು ಪಾಸಿಟಿವ್ವಾ ನೆಗೆಟಿವ್ವಾ ಅಂತ ಹೇಳಬಹುದು, ಹೊಟ್ಟೆಗೆ ಸೂಜಿ ಹಾಕಬೇಕಾಗಿಲ್ಲ. ಕೆಲವು ದೇಶಗಳಲ್ಲಿ ಇದು ಮಾಮೂಲಾಗಿದೆ.

ತುರ್ತು ಇದ್ದಾಗ ಡಿಎನ್‌ಎ ಪರೀಕ್ಷೆ ಮಾಡಿಸಿ ಅಂದರೆ?

ಬೇಡ. ಫಲಿತಾಂಶ ಬರಲು ದಿನಗಳು ಹಿಡಿಯುತ್ತವೆ. ಬೆಂಗಳೂರು ಹೈವೇಯಲ್ಲಿ ಅಪಘಾತವಾಗಿ ಬಂದವರಿಗೆ ಗುಂಪು, ಕ್ರಾಸ್ ಮ್ಯಾಚ್ ನೋಡಿ ರಕ್ತ ಕೊಡುತ್ತೇವೆ. ಡಿಎನ್‌ಎ ಪರೀಕ್ಷೆ ಮಾಡಿದ್ದರೂ ಕ್ರಾಸ್ ಮ್ಯಾಚ್ ಬಿಡುವ ಹಾಗಿಲ್ಲ.

ಬೇರೆಯವರ ರಕ್ತ ಬಂದರೆ ನಮ್ಮ ಡಿಎನ್‌ಎ, ನಮ್ಮ ಗುಣ ಬದಲಾಗುತ್ತಾ?

ಇಲ್ಲ. ಕೆಂಪು ಕಣದಲ್ಲಿ ಡಿಎನ್‌ಎ ಇಲ್ಲ. ಚೀಲದಲ್ಲಿ ಉಳಿದ ಒಂದಿಷ್ಟು ಬಿಳಿ ಕಣಗಳನ್ನು ಮೈ ಸಾಮಾನ್ಯವಾಗಿ ಕೆಲವು ದಿನಗಳಲ್ಲೇ ತೆಗೆದುಹಾಕುತ್ತೆ.

ಈ ಪರೀಕ್ಷೆಯಿಂದ ಮನೆಯ ಗುಟ್ಟೆಲ್ಲ ಹೊರಗೆ ಬರುತ್ತಾ?

ರಕ್ತಗುಂಪಿನ ಚಿಪ್ ನೋಡುವುದು ಕೆಲವೇ ಜಾಗಗಳನ್ನು. ಮುಂದೆ ಬರುವ ಕಾಯಿಲೆ, ಬುದ್ಧಿ, ಆಯಸ್ಸು ಇವೆಲ್ಲ ಅದರಲ್ಲಿ ಕಾಣುವುದಿಲ್ಲ. ಆದರೂ ಇದು ನಿಮ್ಮ ಡಿಎನ್‌ಎ. ಸಾಂಪಲ್ ಎಲ್ಲಿಗೆ ಹೋಗುತ್ತೆ, ಉಳಿದದ್ದನ್ನು ಏನು ಮಾಡ್ತಾರೆ, ಸಂಶೋಧನೆಗೆ ಬಳಸ್ತಾರಾ ಅಂತ ಕೇಳುವ ಹಕ್ಕು ನಿಮಗಿದೆ. ಒಪ್ಪಿಗೆ ಪತ್ರ ಕನ್ನಡದಲ್ಲಿ ಕೇಳಿ. ಓದು ಬರದಿದ್ದರೆ ಓದಿ ಹೇಳಿ ಅನ್ನಿ. ಹಾಡಿಯವರ ಹತ್ತಿರ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗುವುದು ಒಪ್ಪಿಗೆ ಅಲ್ಲ.

ನಾನು ಆಗಾಗ ರಕ್ತ ಕೊಡ್ತೀನಿ. ನಾನೂ ಮಾಡಿಸಬೇಕಾ?

ಎಲ್ಲರೂ ಮಾಡಿಸಬೇಕಿಲ್ಲ. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು. ಹಾಗೆ ಕ್ರಮವಾಗಿ ಬರುವ ದಾನಿಗಳ ಪೂರ್ತಿ ಗುಂಪು ಒಮ್ಮೆ ಗೊತ್ತಿದ್ದರೆ ಥಲಸ್ಸೇಮಿಯಾ ಮಗುವಿಗೆ ಹೊಂದುವವರನ್ನು ಫೋನ್ ಮಾಡಿ ಕರೆಯಬಹುದು. ನಿಮ್ಮ ಗುಂಪು ಅಪರೂಪದ್ದು ಅಂತ ಯಾರಾದರೂ ಹೇಳಿದರೆ ಹೆಸರು ನೋಂದಾಯಿಸಿಕೊಳ್ಳಿ, ಫೋನ್ ನಂಬರ್ ಬದಲಾದರೆ ತಿಳಿಸಿ. ಎಷ್ಟೋ ಸಲ ನಮ್ಮ ಹುಡುಕಾಟ "ಈ ನಂಬರ್ ಬಳಕೆಯಲ್ಲಿಲ್ಲ" ಎಂಬಲ್ಲಿಗೆ ನಿಂತಿದೆ.

ಸರಿ, ಎಲ್ಲಿ ಮಾಡಿಸೋದು? ಡಾಕ್ಟರ ಹತ್ತಿರ ಏನಂತ ಕೇಳಲಿ?

ದೊಡ್ಡ ಬ್ಲಡ್ ಬ್ಯಾಂಕುಗಳಲ್ಲಿ ಆರ್‌ಎಚ್, ಕೆಲ್ ಗುರುತುಗಳ ಸೀರಂ ಪರೀಕ್ಷೆ ಸಿಗುತ್ತೆ. ಡಿಎನ್‌ಎ ಪರೀಕ್ಷೆ ಮತ್ತು ಬಿಡಿಸಲಾಗದ ಕೇಸುಗಳನ್ನು ಮುಂಬೈಯ ರಾಷ್ಟ್ರೀಯ ಇಮ್ಯುನೊಹೆಮಟಾಲಜಿ ಸಂಸ್ಥೆಯಂಥ ದೊಡ್ಡ ಲ್ಯಾಬುಗಳು ನೋಡುತ್ತವೆ. ಅಪರೂಪದ ದಾನಿಗಳ ಪಟ್ಟಿ ಮಾಡುವ ಕೆಲಸವನ್ನೂ ಅದು ಮಾಡಿದೆ. ನೀವು ಮುಂಬೈಗೆ ಹೋಗಬೇಕಿಲ್ಲ. ಟ್ಯೂಬ್ ಹೋದರೆ ಸಾಕು. ಡಾಕ್ಟರ್ ಮತ್ತು ಬ್ಲಡ್ ಬ್ಯಾಂಕ್ ಮೂಲಕವೇ ಕಳಿಸಿ.

ಕೇಳುವಾಗ ಸಂಕೋಚ ಬೇಡ. "ಸಾರ್, ರಕ್ತ ಹಾಕುವ ಮುಂಚೆ ಮಗುವಿನ ಆರ್‌ಎಚ್, ಕೆಲ್ ಪೂರ್ತಿ ಗುಂಪು ನೋಡಿಸ್ತೀರಾ? ಆಂಟಿಬಾಡಿ ಸ್ಕ್ರೀನ್ ಮಾಡಿಸ್ತೀರಾ?" ಇಷ್ಟು ಕೇಳಿ. ಆಂಟಿಬಾಡಿ ಸ್ಕ್ರೀನ್, ಅಂದರೆ ಮೈಯಲ್ಲಿ ಆಂಟಿಬಾಡಿ ಇದೆಯಾ ಅಂತ ಹುಡುಕುವ ಪರೀಕ್ಷೆ, ಎಲ್ಲ ಕಡೆಯೂ ತಾನಾಗಿ ಮಾಡುವುದಿಲ್ಲ. ಈಗಾಗಲೇ ರಕ್ತ ಹಾಕಿಸುತ್ತಿದ್ದು ಹೊಂದಿಕೆ ಕಷ್ಟವಾಗುತ್ತಿದ್ದರೆ "ಡಿಎನ್‌ಎ ನೋಡಿ ಗುಂಪು ತಿಳಿಯೋ ಪರೀಕ್ಷೆಗೆ ಕಳಿಸೋಣವಾ?" ಅನ್ನಿ. ಥಲಸ್ಸೇಮಿಯಾ, ಸಿಕಲ್ ಸೆಲ್, ಹಿಮೋಫಿಲಿಯಾ ಇರುವವರಿಗೆ ರಕ್ತಕ್ಕೆ ಶುಲ್ಕ ಇಲ್ಲ, ಅದನ್ನೂ ಕೇಳಿ.

ಫಲಿತಾಂಶ ಬಂದ ಮೇಲೆ ಆ ಕಾಗದವನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಡಿ, ಒಂದು ಪ್ರತಿಯನ್ನು ರೇಷನ್ ಕಾರ್ಡಿನ ಜೊತೆ ಇಡಿ. ಪಾಂಡವಪುರದ ಕಡೆಯ ಒಬ್ಬ ತಾಯಿ ಮಗನ ಆಂಟಿಬಾಡಿ ಹೆಸರನ್ನು ಬಿಳಿ ರಟ್ಟಿನ ಮೇಲೆ ಬರೆಸಿ, ಪ್ಲಾಸ್ಟಿಕ್ ಹಾಕಿಸಿ, ಶಾಲೆ ಬ್ಯಾಗಿನ ಒಳಗಡೆ ಹೊಲಿದಿದ್ದಾರೆ. ಬ್ಯಾಗ್ ಪ್ರತಿ ವರ್ಷ ಬದಲಾಗುತ್ತೆ. ರಟ್ಟನ್ನು ಬಿಚ್ಚಿ ಹೊಸದಕ್ಕೆ ಹೊಲಿಯುತ್ತಾರೆ.